ಹಿಂದಿನ ಸೀಟಿನಿಂದ ಕಂಡ ಒಮಾನ್

ಒಮಾನ್ ದೇಶದಲ್ಲಿ ನಾನು ಹನ್ನೊಂದು ದಿನ ಇದ್ದೆ. ಎಚ್ಚರವಿದ್ದ ಹೊತ್ತಿನ ಬಹುಭಾಗ ಒಂದು ಕಾರಿನ ಹಿಂದಿನ ಸೀಟಿನಲ್ಲಿ, ಬಲಗಡೆಯ ಕಿಟಕಿಯ ಪಕ್ಕದಲ್ಲಿ ಕಳೆಯಿತು. ಹಾಗಾಗಿ ಈ ಬರಹದಲ್ಲಿರುವುದು ರಸ್ತೆಯ ಬಲಗಡೆಯ ಒಮಾನ್ ಮಾತ್ರ. ಎಡಗಡೆಯ ಸೀಟಿನಲ್ಲಿ ಕಾರಿನ ಥರ್ಮಾಮೀಟರುಗಳ ಲೆಕ್ಕ ಬರೆದಿಡುವ, ತಂತಿಗಳು ತುಂಬಿದ ದೊಡ್ಡ ಪೆಟ್ಟಿಗೆಯೊಂದು ಕೂತಿತ್ತು. ಅದರ ಹಿಂದೆ ಕೆಲವು ಕಡೆ ಸಮುದ್ರವಿತ್ತು ಎಂದು ಆಮೇಲೆ ತಿಳಿಯಿತು.

ಕಾರು ಯಾವ ಕಂಪನಿಯದು ಎಂದು ಹೇಳುವಂತಿಲ್ಲ. ಕಾಗದಕ್ಕೆ ಸಹಿ ಹಾಕಿದ್ದೇನೆ. ಯುರೋಪಿನದು, ತಲೆಮಾರುಗಳಿಂದ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ಸ್ಪೋರ್ಟ್ಸ್ ಕಾರುಗಳನ್ನು ಮಾಡಿಕೊಂಡು ಬಂದ ಕಂಪನಿ ಎಂದರೆ ಸಾಕು. ಅವರು ಮೊದಲ ಬಾರಿಗೆ ಒಂದು ಎಸ್‌ಯುವಿ ಮಾಡುತ್ತಿದ್ದರು. ಐದು ಜನ ಕೂರಬೇಕು, ಮರಳಿನಲ್ಲಿ ಹೋಗಬೇಕು, ಆದರೂ ತಮ್ಮ ಹಳೆಯ ಕಾರುಗಳಂತೆಯೇ ಚಿಮ್ಮಬೇಕು. ಬಾಗಿಲು, ಬ್ರೇಕು, ಎಂಜಿನ್ ಎಲ್ಲ ಅವರೇ ಮಾಡಿದರು. ಹಿಂದಿನ ಸೀಟು ಮಾತ್ರ ಅವರಿಗೆ ಹೊಸ ವಿಷಯ. ಅಲ್ಲಿ ಕೂತವರಿಗೆ ತಂಪು ಗಾಳಿ ಬೇಕಾಗುತ್ತದೆ ಎಂಬುದು ಇನ್ನೂ ಹೊಸ ವಿಷಯ. ಆ ಕೆಲಸವನ್ನು ಬೆಂಗಳೂರಿನ ನಮ್ಮ ಕಚೇರಿಗೆ ಕೊಟ್ಟರು. ಹಿಂದಿನ ಸೀಟಿಗೇ ಪ್ರತ್ಯೇಕವಾದ ಒಂದು ಎಸಿ ಘಟಕ. ಎಂಟೂವರೆ ಕಿಲೋ ತೂಕ. ಎರಡು ವರ್ಷ ನಾನು ಅದನ್ನು ಬಿಟ್ಟು ಬೇರೆ ಹೆಚ್ಚೇನೂ ಮಾಡಿಲ್ಲ.

ಅಲ್ ಖುವೈರ್

ಮಸ್ಕತ್‌ನ ಈ ಭಾಗದಲ್ಲಿ ಸಚಿವಾಲಯಗಳು, ಕಚೇರಿಗಳು, ಹೋಟೆಲುಗಳು. ಅವುಗಳ ಹಿಂದಿನ ಬೀದಿಯ ವರ್ಕ್‌ಶಾಪ್ ಒಂದರಲ್ಲಿ ನಮ್ಮ ಕಾರು ಹೊದಿಕೆಯೊಳಗೆ ನಿಂತಿತ್ತು. ಮೈಯ ಆಕಾರ ಯಾರಿಗೂ ತಿಳಿಯಬಾರದೆಂದು ಇಡೀ ಕಾರಿಗೆ ಕಪ್ಪು ಬಿಳುಪು ಸುಳಿಗಳ ಸ್ಟಿಕರ್ ಮೆತ್ತಿದ್ದರು. ಯಾರ ಕಣ್ಣಿಗೂ ಬೀಳಬಾರದೆಂದು ಮಾಡಿದ ಈ ಉಪಾಯದಿಂದಾಗಿ ಊರಿನ ಎಲ್ಲರ ಕಣ್ಣೂ ಅದರ ಮೇಲೆಯೇ ಬೀಳುತ್ತಿತ್ತು.

ವರ್ಕ್‌ಶಾಪಿನ ಕಚೇರಿಯನ್ನು ನಡೆಸುವವರು ಶಶಿಕಲಾ. ಕುಂದಾಪುರದ ಕಡೆಯವರು, ಮಸ್ಕತ್‌ಗೆ ಬಂದು ಹದಿನೆಂಟು ವರ್ಷ. ಪರ್ಮಿಟ್ಟು, ಟೈರು, ಊಟ, ನಮ್ಮ ಹಿಂದೆ ನೀರು ಮತ್ತು ಸಾಮಾನು ಹೊತ್ತು ಬರುವ ಪಿಕಪ್ ಗಾಡಿ, ಎಲ್ಲಕ್ಕೂ ಅವರೇ. ಪಿಕಪ್ ಓಡಿಸುವವರೂ ಅವರೇ.

"ಮೇಡಂ ಗೀಡಂ ಬೇಡ, ಅಕ್ಕ ಅಂತ ಕರೆ. ಊಟ ಆಯ್ತಾ?" ಎಂದರು, ಕೈಕುಲುಕುವ ಮೊದಲೇ.

"ಪರವಾಗಿಲ್ಲ ಅಕ್ಕ," ಎಂದೆ.

"ಪರವಾಗಿಲ್ಲ ಅಂದ್ರೆ ಎಂತ? ಆಗಿದೆಯಾ, ಆಗ್ಲಿಲ್ವಾ?"

ಆಗಿರಲಿಲ್ಲ. ಅವರ ಡಬ್ಬಿಯ ಅರ್ಧ ನೀರುದೋಸೆ ನನ್ನ ಪಾಲಿಗೆ ಬಂತು.

ಕಾರಿನ ಮುಖ್ಯ ಎಂಜಿನಿಯರ್ ಬ್ರೂನೋ. ಐವತ್ತು ದಾಟಿದ, ಎತ್ತರದ, ಮಾತಿನಲ್ಲಿ ಗ್ರಾಂಗಳನ್ನು ಎಣಿಸುವ ಮನುಷ್ಯ. ನಾನು ಕೈಯಲ್ಲಿ ಹಿಡಿದಿದ್ದ ನೀರಿನ ಬಾಟಲಿಯನ್ನು ನೋಡಿ, "ಒಂದೂವರೆ ಲೀಟರಿನದೇ ಬೇಕೇ?" ಎಂದು ಕೇಳಿದರು. ಅದು ತಮಾಷೆಯಲ್ಲ ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಕಾರು ಓಡಿಸುವವನು ಸಾಲಿಂ, ನಿಜ್ವಾ ಎಂಬ ಊರಿನ ಒಮಾನಿ. ದಿಶ್‌ದಾಶ ಎಂಬ ಬಿಳಿಯ ಉದ್ದ ನಿಲುವಂಗಿ, ತಲೆಗೆ ಕಸೂತಿಯ ಟೋಪಿ, ನನ್ನದಕ್ಕಿಂತ ಚೆನ್ನಾದ ಹಿಂದಿ.

ಮೊದಲ ಸಂಜೆ ಸಾಲಿಂ ಒಂದು ಚಹಾದ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿಯದೆ, ಹಾರ್ನ್ ಒತ್ತಿದ. ಅಂಗಡಿಯವರು ಓಡಿಬಂದು ಕಿಟಕಿಯಲ್ಲಿ ಆರ್ಡರ್ ತೆಗೆದುಕೊಂಡು ಹೋದರು. ಅಕ್ಕಪಕ್ಕದ ಆರೇಳು ಕಾರುಗಳೂ ಹಾಗೆಯೇ ಹಾರ್ನ್ ಒತ್ತಿ ಚಹಾ ತರಿಸುತ್ತಿದ್ದವು. ನಮ್ಮೂರಿನಲ್ಲಿ ಹೀಗೆ ಮಾಡಿದರೆ ಅಂಗಡಿಯವನು ಹಾಲಿನ ಪಾತ್ರೆಯನ್ನೇ ಹಿಡಿದುಕೊಂಡು ಬರುತ್ತಾನೆ, ಕೊಡಲಿಕ್ಕಲ್ಲ. ಇಲ್ಲಿ ಯಾರಿಗೂ ಬೇಸರವಿಲ್ಲ. ಬ್ರೂನೋ ಮಾತ್ರ ಬಿಳಿಚಿಕೊಂಡರು. ಆ ಹಾರ್ನಿನ ಧ್ವನಿಯನ್ನು ಹದಕ್ಕೆ ತರಲು ಅವರ ಕಾರ್ಖಾನೆಯಲ್ಲಿ ಒಂದು ತಂಡವೇ ಇತ್ತಂತೆ. ಅದನ್ನು ಮೊದಲು ಕೇಳಿದವರು ಚಹಾ ಸೋಸುತ್ತಿದ್ದರು.

ಚಹಾ ಬಂದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಹಿಂದಿನ ಸೀಟಿನಲ್ಲಿ ಲೋಟ ಇಡಲು ಜಾಗವೇ ಇರಲಿಲ್ಲ.

ದುಕ್ಮ್

ಒಮಾನಿಗೆ ಬಂದದ್ದೇ ಸೆಕೆಗಾಗಿ. ಬಿಸಿಲಿನಲ್ಲಿ ಕಾರನ್ನು ಬೇಯಿಸಿ, ಎಸಿ ಎಷ್ಟು ಬೇಗ ತಣಿಸುತ್ತದೆ ಎಂದು ನೋಡಬೇಕಿತ್ತು. ಬ್ರೂನೋ ಅವರ ಕಾರ್ಖಾನೆಯಲ್ಲಿ ಯಾರೋ ನಕ್ಷೆಯ ಮೇಲೆ ಬೆರಳಿಟ್ಟು, ಜುಲೈ ತಿಂಗಳು, ಖಾಲಿ ರಸ್ತೆ, ಜನವಸತಿ ಕಡಿಮೆ ಎಂದು ದುಕ್ಮ್ ಅನ್ನು ಆರಿಸಿದ್ದರು. ಹೊಸ ಬಂದರು, ತೈಲ ಶುದ್ಧೀಕರಣಾಗಾರ, ಕಾರ್ಮಿಕರ ಶಿಬಿರಗಳು, ಅವರನ್ನು ಸಾಗಿಸುವ ಬಿಳಿ ಬಸ್ಸುಗಳು. ಉಳಿದದ್ದೆಲ್ಲ ಬಯಲು.

ಆರು ಗಂಟೆ ಪ್ರಯಾಣ ಮಾಡಿ ಇಳಿದೆವು. ತಂಪಾದ ಗಾಳಿ ಬೀಸುತ್ತಿತ್ತು.

ಬ್ರೂನೋ ಥರ್ಮಾಮೀಟರ್ ಹೊರತೆಗೆದು ನೋಡಿದರು, ಅಲ್ಲಾಡಿಸಿ ಮತ್ತೆ ನೋಡಿದರು. ಮಳೆಗಾಲದ ಮಾರುತ ಸಮುದ್ರದ ಕಡೆಯಿಂದ ಬೀಸುವ ಈ ತಿಂಗಳುಗಳಲ್ಲಿ ಸೆಕೆ ತಪ್ಪಿಸಿಕೊಳ್ಳಲು ಜನ ಇಲ್ಲಿಗೆ ಬರುತ್ತಾರಂತೆ.

"ನಿನಗೆ ಮೊದಲೇ ಗೊತ್ತಿತ್ತೇ?" ಎಂದು ಸಾಲಿಂನನ್ನು ಕೇಳಿದರು.

"ಗೊತ್ತಿತ್ತು."

"ಮತ್ತೇಕೆ ಹೇಳಲಿಲ್ಲ?"

"ನೀವು ದುಕ್ಮ್ ಎಲ್ಲಿದೆ ಎಂದು ಕೇಳಿದಿರಿ, ಸಾರ್. ಹೇಗಿದೆ ಎಂದು ಕೇಳಲಿಲ್ಲ."

ಶಿಬಿರದಿಂದ ಬಂದ ಬಸ್ಸೊಂದು ನಮ್ಮ ಪಕ್ಕ ನಿಂತಿತು. ಕಿಟಕಿಗಳ ತುಂಬ ಮುಖಗಳು, ಮೊಬೈಲುಗಳು. ಗುಟ್ಟಿನ ಕಾರಿನ ಚಿತ್ರ ಎಷ್ಟು ದೇಶಗಳಿಗೆ ಹೋಯಿತೋ. ಶಶಿಕಲಕ್ಕ ಪಿಕಪ್ಪಿನಿಂದ ಇಳಿದು, ಸೆರಗು ಹಾರದಂತೆ ಹಿಡಿದು, "ಒಳ್ಳೆ ಗಾಳಿ ಉಂಟಲ್ಲ! ಮಕ್ಕಳನ್ನೂ ಕರ್ಕೊಂಡು ಬರಬಹುದಿತ್ತು," ಎಂದು ಹುಳಿಯವಲಕ್ಕಿಯ ಡಬ್ಬಿ ಬಿಚ್ಚಿದರು. ಮರಳುಗಾಡಿಗೆ ಹೋಗಿ ಸೆಕೆ ಸಿಗದೆ ವಾಪಸಾದ ತಂಡ ನಮ್ಮದೊಂದೇ ಇರಬೇಕು.

ಆದಮ್

ಸೆಕೆ ಒಳನಾಡಿನ ಆದಮ್ ಎಂಬ ಊರಿನಲ್ಲಿ ಸಿಕ್ಕಿತು. ಯಾರೂ ಹುಡುಕಬೇಕಾಗಿರಲಿಲ್ಲ.

ಪರೀಕ್ಷೆ ಹೀಗೆ. ಗಾಜು ಮುಚ್ಚಿದ ಕಾರನ್ನು ಹಪ್ಪಳ ಒಣಹಾಕಿದಂತೆ ಮೂರು ಗಂಟೆ ಬಿಸಿಲಿನಲ್ಲಿ ಹಾಕಿಡಬೇಕು. ಆಮೇಲೆ ಎಸಿ ಹಾಕಿ ನಲವತ್ತು ನಿಮಿಷ ಓಡಿಸಬೇಕು. ಹಿಂದೆ ಕೂತವರು ಪ್ರತಿ ನಿಮಿಷಕ್ಕೊಂದು ಅಂಕ ಕೂಗಬೇಕು. ಒಂದು ಎಂದರೆ ತಡೆಯಲಾಗದು, ಐದು ಎಂದರೆ ನಡೆಯುತ್ತದೆ, ಒಂಬತ್ತು ಎಂದರೆ ಸ್ವರ್ಗ. ಒಂದು ದಿನ ನನ್ನ ಘಟಕ ಚಾಲೂ ಮಾಡಿ, ಮರುದಿನ ಬಂದ್ ಮಾಡಿ. ಎರಡು ದಿನಗಳ ಅಂಕದಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಇರದಿದ್ದರೆ ಆ ಎಂಟೂವರೆ ಕಿಲೋ ಕಾರಿನಿಂದ ಹೊರಗೆ. ಸ್ಪೋರ್ಟ್ಸ್ ಕಾರಿನವರ ಕಣ್ಣಿನಲ್ಲಿ ಕೆಲಸವಿಲ್ಲದ ತೂಕಕ್ಕಿಂತ ದೊಡ್ಡ ಪಾಪವಿಲ್ಲ.

ಹಿಂದೆ ಕೂತವಳು ನಾನು. ಪೆಟ್ಟಿಗೆಯ ಪಕ್ಕ ಹಿಡಿಸುವವಳೂ ನಾನೊಬ್ಬಳೇ.

ಘಟಕ ಚಾಲೂ ಇದ್ದ ದಿನ ಹಿತವಾಗಿತ್ತು. "ಐದು," ಎಂದೆ. ಹತ್ತು ನಿಮಿಷದಲ್ಲಿ ಇನ್ನೂ ಹಿತವಾಯಿತು. ಬಹಳ ಹೆಚ್ಚು ಹೇಳಿದರೆ ನನ್ನದೇ ಘಟಕವನ್ನು ಹೊಗಳಿಕೊಂಡಂತೆ ಆಗುತ್ತದಲ್ಲ. "ಐದು," ಎಂದೆ.

ಬಂದ್ ಮಾಡಿದ ದಿನ ಮುಂದಿನ ಇಬ್ಬರಿಗೆ ತಂಪು ಬರುತ್ತಿತ್ತು, ನನಗೆ ಅವರ ಸೀಟುಗಳ ಬೆನ್ನು ಮಾತ್ರ ಕಾಣುತ್ತಿತ್ತು. ಬೆವರು ಕಣ್ಣಿಗೆ ಇಳಿಯಿತು. ಸೀಟಿನ ಚರ್ಮ ತೊಡೆಗೆ ಅಂಟಿತು.

"ಹೇಗಿದೆ?" ಎಂದು ಬ್ರೂನೋ ಮುಂದಿನಿಂದ ಕೇಳಿದರು.

ಮೈಸೂರಿನ ನಮ್ಮ ಮನೆಯಲ್ಲಿ ಹೇಗಿದೆ ಎಂಬ ಪ್ರಶ್ನೆಗೆ ಒಂದೇ ಉತ್ತರ. ಜ್ವರವಿದ್ದರೂ ಅದೇ, ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಿದ್ದರೂ ಅದೇ. "ಪರವಾಗಿಲ್ಲ," ಎಂದು ಬಾಯಿಗೆ ಬಂತು. ಅದರ ಅಂಕ ಐದು. "ಐದು," ಎಂದೆ. ಒಂದು ನಿಮಿಷದ ಬಳಿಕ, ನಿಜವಾಗಿ ತೊಂದರೆಯಾಗುತ್ತಿದೆ ಎಂದು ಸೂಚಿಸುವುದಕ್ಕಾಗಿ, ಬಹಳ ಯೋಚಿಸಿ, "ನಾಲ್ಕೂವರೆ," ಎಂದೆ.

ಸಂಜೆ ಬ್ರೂನೋ ಎರಡು ದಿನಗಳ ಗೆರೆಗಳನ್ನು ಒಂದರ ಮೇಲೊಂದಿಟ್ಟು ತೋರಿಸಿದರು. ಥರ್ಮಾಮೀಟರಿನ ಗೆರೆಗಳ ನಡುವೆ ಲಾರಿ ಹೋಗುವಷ್ಟು ಅಂತರವಿತ್ತು. ನನ್ನ ಅಂಕಗಳ ಗೆರೆಗಳ ನಡುವೆ ಕೂದಲು ಹೋಗುವುದೂ ಕಷ್ಟ.

"ಥರ್ಮಾಮೀಟರ್ ಕಾರು ಕೊಳ್ಳುವುದಿಲ್ಲ. ಕೊಳ್ಳುವವರು ಮನುಷ್ಯರು. ಮನುಷ್ಯರಿಗೆ ವ್ಯತ್ಯಾಸವೇ ತಿಳಿಯುತ್ತಿಲ್ಲ," ಎಂದು ಅವರು ಸಂತೋಷದಿಂದ ಹೇಳಿದರು. "ನಿಮ್ಮ ಘಟಕಕ್ಕೆ ವಿದಾಯ. ಬೇಸರವಾಯಿತೇ?"

"ಪರವಾಗಿಲ್ಲ," ಎಂದೆ.

ಬೆಟ್ಟದ ಕೆಳಗಿನ ಚೌಕಿ

ಮರುದಿನ ಬ್ರೇಕಿನ ಪರೀಕ್ಷೆ. ಅದಕ್ಕಾಗಿ ಜಬಲ್ ಅಖ್ದರ್ ಬೆಟ್ಟ ಹತ್ತಬೇಕಿತ್ತು. ಇಳಿಜಾರು ಎಷ್ಟು ಕಡಿದೆಂದರೆ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಗಾಡಿಗಳನ್ನು ಮಾತ್ರ ಪೊಲೀಸರು ಮೇಲೆ ಬಿಡುತ್ತಾರೆ. ಚೌಕಿಯಲ್ಲಿದ್ದ ಅಧಿಕಾರಿ ನಮ್ಮ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು.

"ಯಾವ ಗಾಡಿ ಇದು?" ಎಂದು ಸಾಲಿಂನನ್ನು ಕೇಳಿದರು.

"ಹೇಳುವ ಹಾಗಿಲ್ಲ."

"ಮೈತುಂಬ ಬ್ಯಾಂಡೇಜು ಕಟ್ಟಿದ್ದೀರಲ್ಲ, ಆಗಲೇ ಒಂದು ಸಲ ಬಿದ್ದಿದೆಯೋ?"

ಸಾಲಿಂ ಇದನ್ನು ಬ್ರೂನೋಗೆ ಅನುವಾದಿಸಿದ. ಅವರು ಇಳಿದು, ಇದರ ನಾಲ್ಕು ಚಕ್ರಗಳಿಗೆ ಬಲ ಹೇಗೆ ಹಂಚಿಕೆಯಾಗುತ್ತದೆ ಎಂದು ಹತ್ತು ನಿಮಿಷ ವಿವರಿಸಿದರು. ಅಧಿಕಾರಿ ಮರ್ಯಾದೆಯಿಂದ ಪೂರ್ತಿ ಕೇಳಿದರು. ಕೇಳಿದ ಮೇಲೆ ನೆಲಕ್ಕೆ ಮಂಡಿಯೂರಿ ಕಾರಿನ ಅಡಿಗೆ ಕಣ್ಣು ಹಾಯಿಸಿ, ಸ್ವತಃ ನೋಡಿ ಖಾತ್ರಿ ಮಾಡಿಕೊಂಡು, "ಯಲ್ಲಾ, ಹೋಗಿ," ಎಂದರು. ನಮ್ಮ ಹಿಂದೆ ಶಶಿಕಲಕ್ಕನ ಹಳೆಯ ಪಿಕಪ್ಪನ್ನು ನೋಡಿದವರೇ ನಿಲ್ಲಿಸದೆ ಕೈಬೀಸಿ ಕಳಿಸಿಬಿಟ್ಟರು.

ಬ್ರೇಕುಗಳು ಬಹಳ ಚೆನ್ನಾಗಿದ್ದವು. ಬ್ರೇಕಿಗೆ ಯಾರೂ ಅಂಕ ಕೇಳುವುದಿಲ್ಲ, ನಿಂತರೆ ನಿಂತಂತೆ.

ನಿಜ್ವಾ

ಇಳಿದು ಬಂದ ಮೇಲೆ ಸಾಲಿಂ ನಮ್ಮನ್ನು ತನ್ನ ಮನೆಗೆ ಕರೆದೊಯ್ದ. ನಮ್ಮ ಊರಿನಲ್ಲಿ ಕಾಫಿಯ ಲೋಟ ಖಾಲಿಯಾದರೆ ಕಾಫಿ ಮುಗಿಯಿತು. ಇಲ್ಲಿ ಹಾಗಲ್ಲ. ಏಲಕ್ಕಿಯ ಘಮದ ಕಹಿ ಕಾಫಿಯನ್ನು ಅಂಗೈಯಲ್ಲಿ ಅಡಗುವಷ್ಟು ಸಣ್ಣ ಬಟ್ಟಲಿಗೆ ಸುರಿಯುತ್ತಾರೆ. ಕುಡಿದರೆ ಮತ್ತೆ ಸುರಿಯುತ್ತಾರೆ. ಸಾಕೆನಿಸಿದಾಗ ಬಟ್ಟಲನ್ನು ಬೆರಳಿನಲ್ಲಿ ಹಿಡಿದು ಎರಡು ಸಲ ಅಲ್ಲಾಡಿಸಬೇಕು. ಇದು ನನಗೆ ಗೊತ್ತಿತ್ತು. ಪ್ರಯಾಣಕ್ಕೆ ಮೊದಲೇ ಓದಿದ್ದೆ.

ಬ್ರೂನೋ ಎರಡನೆಯ ಬಟ್ಟಲಿಗೇ ಅಲ್ಲಾಡಿಸಿದರು. ಶಶಿಕಲಕ್ಕ ಮೂರಕ್ಕೆ. ಸಾಲಿಂನ ತಾಯಿ ಹೂಜಿ ಹಿಡಿದು ನನ್ನ ಮುಂದೆಯೇ ನಿಂತಿದ್ದರು. ವಯಸ್ಸಾದವರು, ಪ್ರೀತಿಯಿಂದ ಕೊಡುತ್ತಿದ್ದಾರೆ, ಅವರ ಎದುರಿಗೆ ಬಟ್ಟಲು ಅಲ್ಲಾಡಿಸುವುದು ಹೇಗೆ? ಏಳನೆಯದನ್ನು ಕುಡಿದೆ. ಎಂಟನೆಯದು ಬಂತು, ಅದನ್ನೂ ಕುಡಿದೆ. ಎದೆ ಡವಗುಟ್ಟುತ್ತಿತ್ತು. ಸಾಲಿಂನ ತಾಯಿ ಮಗನಿಗೆ ಏನೋ ಹೇಳಿದರು. ಹುಡುಗಿಗೆ ಊಟ ಹಾಕಿಲ್ಲವೇ ಎಂದು ಕೇಳಿದರಂತೆ.

ಶಶಿಕಲಕ್ಕ ನನ್ನ ಬಟ್ಟಲನ್ನು ನೋಡಿದರು.

"ಹೊಟ್ಟೆಗೆ ಎಂತ ಆಗುವುದಿಲ್ವಾ ನಿಂಗೆ?"

"ಪರವಾಗಿಲ್ಲ ಅಕ್ಕ."

ಅವರು ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡು ತಾವೇ ಅಲ್ಲಾಡಿಸಿದರು. "ಖಲಾಸ್, ಅಮ್ಮ, ಖಲಾಸ್!" ಎಂದು ಮನೆಯವರಿಗೆ ಹೇಳಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ನಿನ್ನೆ ಎಸಿ ಬಂದ್ ಮಾಡಿ ಓಡಿಸಿದ ಮೇಲೆ ನೀನು ಕಾರಿಂದ ಇಳಿಯುವಾಗ ನಾನು ನೋಡಿದ್ದೇನೆ. ಮೀನು ಬೇಯಿಸಿ ತೆಗೆದ ಹಾಗೆ ಇದ್ದೆ. ಎಷ್ಟು ಹೇಳಿದ್ದು ಅವರಿಗೆ?"

"ಐದು."

"ಒಂಬತ್ತರಲ್ಲಿ?"

"ಹೌದು."

"ಎಂತ ಮಾರಾಯ್ತಿ! ನಿನ್ನ ಮಿಷಿನ್ನನ್ನು ಬೇರೆ ಯಾರೂ ಕೊಂದದ್ದಲ್ಲ. ನೀನೇ ಮರ್ಯಾದೆ ಮಾಡಿ ಮಾಡಿ ಕೊಂದದ್ದು."

ನಾನು ಲೆಕ್ಕದಲ್ಲಿ ತಪ್ಪು ಮಾಡುವವಳಲ್ಲ. ಕಚೇರಿಯಲ್ಲಿ ನನ್ನ ಹೆಸರು ಇರುವುದೇ ಅದಕ್ಕೆ. ದಶಮಾಂಶದ ಮೂರನೆಯ ಅಂಕಿಗಾಗಿ ಜಗಳ ಮಾಡಿದ್ದೇನೆ. ಈಗ ಒಂದು ದೇಶ ದಾಟಿ ಬಂದು, ಎರಡು ದಿನ, ಎಂಬತ್ತು ಸಲ ತಪ್ಪು ಅಂಕ ಕೂಗಿದ್ದೆ. ಹೊರಗೆ ಕಾರಿನ ಬಳಿ ನಿಂತಿದ್ದ ಬ್ರೂನೋ ಹತ್ತಿರ ಹೋಗಿ ಇಷ್ಟನ್ನು ಹೇಳಲು ಎಂಟು ಬಟ್ಟಲು ಕಾಫಿಯ ಸಹಾಯ ಬೇಕಾಯಿತು.

"ಅಂದರೆ ನಿಮ್ಮ ಐದು, ಐದಲ್ಲ?" ಎಂದರು.

"ಅಲ್ಲ. ಘಟಕ ಚಾಲೂ ಇದ್ದ ದಿನದ್ದು ಏಳು. ಬಂದ್ ಇದ್ದ ದಿನದ್ದು ಎರಡು."

"ಎರಡಕ್ಕೂ ಐದು ಎಂದಿರಿ. ಏಕೆ?"

ಇದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಇರಲಿಲ್ಲ. ಕನ್ನಡದಲ್ಲಿ ಒಂದೇ ಪದದ ಉತ್ತರವಿತ್ತು, ಆದರೆ ಅದೇ ಈ ತೊಂದರೆಯ ಮೂಲ.

ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಒಳ್ಳೆಯದಿತ್ತು. "ಘಟಕ ಹೋಗುತ್ತದೆ ಎಂದು ಗೊತ್ತಾದ ಮೇಲೆ ಅಂಕ ಬದಲಿಸುತ್ತಿದ್ದೀರಿ. ನನ್ನ ಜಾಗದಲ್ಲಿ ನೀವಿದ್ದರೆ ನಂಬುತ್ತಿದ್ದಿರಾ?"

"ಇಲ್ಲ."

"ಬೆಂಗಳೂರಿನಲ್ಲಿ ಎರಡು ವರ್ಷ ನೀವು ಕೊಟ್ಟ ಅಂಕಗಳನ್ನೂ ಈಗ ಏನು ಮಾಡಲಿ?"

ನಾನು ಹೇಳಿದೆ, "ನಾಳೆ ಇನ್ನೊಂದು ಸಲ ಮಾಡೋಣ. ಘಟಕ ಬಂದ್ ಮಾಡಿ. ಪೆಟ್ಟಿಗೆ ಮುಂದೆ ಹೋಗಲಿ, ನೀವು ಹಿಂದೆ ಬನ್ನಿ. ಇಬ್ಬರೂ ಕೂಗುವುದು ಬೇಡ. ಒಬ್ಬರದು ಒಬ್ಬರು ನೋಡದೆ ಕಾಗದದಲ್ಲಿ ಬರೆಯೋಣ."

ಅವರು ಕಾರಿನ ಹಿಂದಿನ ಬಾಗಿಲನ್ನು ನೋಡಿದರು. ನಾಲ್ಕು ವರ್ಷ ಈ ಕಾರನ್ನು ಕಟ್ಟಿದ ಮನುಷ್ಯ ಆ ಬಾಗಿಲಿನಿಂದ ಒಮ್ಮೆಯೂ ಒಳಗೆ ಹೋಗಿರಲಿಲ್ಲ.

ಮತ್ತೆ ಆದಮ್

ಬ್ರೂನೋ ಹಿಂದೆ ಕೂರುವುದಕ್ಕೇ ಐದು ನಿಮಿಷ ಹಿಡಿಯಿತು. ಮಂಡಿ ಮುಂದಿನ ಸೀಟಿಗೆ ತಾಗಿತು, ತಲೆ ಚಾವಣಿಗೆ. "ಸೀಟು ಸ್ವಲ್ಪ ಮುಂದೆ," ಎಂದು ಸಾಲಿಂಗೆ ಹೇಳಿದರು. "ನೀವು ಡ್ರೈವರಿಗೆಂದು ಮಾಡಿದ ಅಳತೆ ಇದೇ, ಸಾರ್," ಎಂದ ಸಾಲಿಂ, ಕದಲದೆ.

ಮೂರು ಗಂಟೆ ಬೆಂದ ಕಾರು. ಬಾಗಿಲು ಮುಚ್ಚಿದೊಡನೆ ಒಳಗಿನ ಗಾಳಿ ಮುಖಕ್ಕೆ ಬಟ್ಟೆಯಂತೆ ಸುತ್ತಿಕೊಂಡಿತು. ನಾನು ಮಡಿಲಿನಲ್ಲಿ ಕಾಗದವಿಟ್ಟು ಬರೆಯತೊಡಗಿದೆ. ಮೊದಲ ನಿಮಿಷ, ಎರಡು. ಪೆನ್ಸಿಲು ತಾನಾಗಿ ಐದರ ಕಡೆ ಹೊರಳಿತು, ಎಳೆದು ತಂದೆ. ಐದನೆಯ ನಿಮಿಷವೂ ಎರಡು. ಹನ್ನೆರಡನೆಯ ನಿಮಿಷಕ್ಕೆ ಕಾಗದ ಒದ್ದೆಯಾಗಿ ಹರಿಯಿತು, ಹರಿಯದ ಭಾಗದಲ್ಲಿ ಒಂದು ಎಂದು ಬರೆದೆ. ಪಕ್ಕಕ್ಕೆ ನೋಡಬಾರದೆಂಬ ನಿಯಮ ನನ್ನದೇ ಆದ್ದರಿಂದ ನೋಡಲಿಲ್ಲ. ಬ್ರೂನೋ ಉಸಿರಾಡುವ ಸದ್ದು ಮಾತ್ರ ಕೇಳುತ್ತಿತ್ತು.

ಒಂದಕ್ಕಿಂತ ಕಡಿಮೆ ಅಂಕವಿಲ್ಲ. ಮುಂದೆ ಏನು ಮಾಡಬೇಕೆಂದು ನಿಯಮಗಳಲ್ಲಿ ಬರೆದಿರಲಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಬಂದಾಗ, ಇಪ್ಪತ್ತಮೂರನೆಯ ನಿಮಿಷದಲ್ಲಿ, ನಾನು ಜೋರಾಗಿ ಹೇಳಿದೆ: "ಸಾಲಿಂ, ನಿಲ್ಲಿಸು. ನನಗೆ ಆಗುವುದಿಲ್ಲ. ನಾನು ಇಳಿಯುತ್ತೇನೆ."

ಅಷ್ಟು ಜೋರಾಗಿ ನಾನು ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಮಾತನಾಡಿರಲಿಲ್ಲ. ಕಾರು ನಿಂತಿತು. ಹೊರಗೆ ನಲವತ್ತಾರು ಡಿಗ್ರಿ. ತಂಪೆನಿಸಿತು. ರಸ್ತೆಯ ಬದಿಯ ಕಲ್ಲೊಂದರ ಮೇಲೆ ಕೂತೆ. ಶಶಿಕಲಕ್ಕ ಪಿಕಪ್ಪಿನಿಂದ ಓಡಿಬಂದು ನನ್ನ ತಲೆಯ ಮೇಲೆಯೇ ನೀರು ಸುರಿದರು. ನನ್ನ ಕೈಯ ಕಾಗದದ ಚೂರುಗಳನ್ನು ಓದಿ, "ಹಾಂ, ಈಗ ಸರಿ ಉಂಟು," ಎಂದರು.

ಬ್ರೂನೋ ಬಾಗಿಲಿನಿಂದ ಒಂದೊಂದೇ ಕಾಲನ್ನು ಹೊರತೆಗೆಯುತ್ತಿದ್ದರು. ಮುಖ ಟೊಮೇಟೊ ಹಣ್ಣಿನಂತೆ ಕೆಂಪಾಗಿತ್ತು, ಅಂಗಿಯನ್ನು ಹಿಂಡಿದರೆ ಒಂದು ಬಾಲ್ದಿ ತುಂಬುತ್ತಿತ್ತು. ಇಳಿದವರು ನೇರವಾಗಿ ನಿಲ್ಲಲು ಸಾಲಿಂನ ಭುಜ ಹಿಡಿಯಬೇಕಾಯಿತು.

ಶಶಿಕಲಕ್ಕ ಅವರ ಕೈಯಿಂದ ಕಾಗದ ತೆಗೆದುಕೊಂಡರು. ನೋಡಿದರು. ನನ್ನ ಕೈಗೆ ಕೊಟ್ಟರು.

ಅಚ್ಚುಕಟ್ಟಾದ ಅಕ್ಷರಗಳಲ್ಲಿ, ಇಪ್ಪತ್ತಮೂರು ನಿಮಿಷಕ್ಕೂ ಒಂದೊಂದರಂತೆ, ಸಾಲಾಗಿ: ಐದು, ಐದು, ಐದು, ಐದು.

"ನೀವಿಬ್ಬರೂ ಒಂದೇ ಊರಿನವರಾ?" ಎಂದು ಶಶಿಕಲಕ್ಕ ನನ್ನನ್ನು ಕೇಳಿದರು.

ಬ್ರೂನೋ ನನ್ನ ಪಕ್ಕದ ಕಲ್ಲಿನ ಮೇಲೆ ಕೂತು, ತಮ್ಮದೇ ಕಾಗದವನ್ನು ಬಹಳ ಹೊತ್ತು ನೋಡಿದರು. ಮನೆಯ ಮಗುವನ್ನು ಪರರ ಎದುರು ಬೈಯಲಾರದ ತಂದೆಯಂತೆ ಇತ್ತು ಅವರ ಮುಖ. ಒಂದು ಬಾಟಲಿ ನೀರು ಕುಡಿದರು. ಒಂದೂವರೆ ಲೀಟರಿನದು. ಇನ್ನೊಂದನ್ನೂ ಕೇಳಿ ಪಡೆದರು.

"ಥರ್ಮಾಮೀಟರ್ ಏನು ಹೇಳುತ್ತಿದೆ?" ಎಂದು ಕೊನೆಗೆ ಕೇಳಿದರು.

ಸಾಲಿಂ ಮುಂದಿನ ಸೀಟಿನ ಪೆಟ್ಟಿಗೆ ನೋಡಿ ಹೇಳಿದ.

"ಇನ್ನು ಮೇಲೆ ಅದನ್ನೇ ನಂಬೋಣ. ಈ ಅಂಕಗಳ ಹಾಳೆ ಬೇಡ. ನಿಮ್ಮ ಘಟಕ ಇರಲಿ." ಬಾಟಲಿಯ ಮುಚ್ಚಳ ಹಾಕಿದರು. "ಆದರೆ ಎಂಟೂವರೆ ಕಿಲೋ ಎಲ್ಲಿಂದಾದರೂ ಹೋಗಲೇಬೇಕು. ಒಟ್ಟು ತೂಕ ನಾನು ಮಾತು ಕೊಟ್ಟದ್ದು. ಎಲ್ಲಿಂದ ತೆಗೆಯಲಿ, ನೀವೇ ಹೇಳಿ."

ಅವರು ಕೇಳಿದ್ದು ಸುಮ್ಮನೆ, ದಣಿವಿಗೆ. ನನಗೆ ಉತ್ತರ ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು. ಚಾಲಕನ ಸೀಟಿನೊಳಗೆ ಅದನ್ನು ಮೈಗೆ ತಕ್ಕಂತೆ ಹೊಂದಿಸುವ ಹದಿನಾಲ್ಕು ಮೋಟರುಗಳಿದ್ದವು. ಸೊಂಟಕ್ಕೊಂದು, ಪಕ್ಕೆಗೆರಡು, ತೊಡೆಯ ಕೆಳಗೊಂದು, ಹೀಗೆ. ಕಂಪನಿಯ ಅಭಿಮಾನದ ವಸ್ತು ಅದು. ಅದರ ವಿನ್ಯಾಸ ಬ್ರೂನೋ ಅವರ ಸ್ವಂತದ್ದು.

"ನಿಮ್ಮ ಸೀಟಿನಿಂದ," ಎಂದೆ. "ಅರ್ಧದಷ್ಟು ಮೋಟರುಗಳನ್ನು ತೆಗೆದರೂ ಯಾರಿಗೂ ತಿಳಿಯುವುದಿಲ್ಲ."

ಸಾಲಿಂ ಟೈರಿನ ಗಾಳಿ ನೋಡುವವನಂತೆ ಆ ಕಡೆ ತಿರುಗಿದ. ಶಶಿಕಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬ್ರೂನೋ ನನ್ನನ್ನು ನೋಡಿದರು, ಕಾರನ್ನು ನೋಡಿದರು, ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ಸಂತೋಷವಾದಂತೆ ಕಾಣಲಿಲ್ಲ. ಆದರೆ ಬರೆದುಕೊಂಡರು.